ಮುಂದಿನ ಪುಸ್ತಕ ಯಾವುದು?

ಜಾಲದಂಗಡಿಯಲ್ಲಿ ಒಂದು ಪುಸ್ತಕವನ್ನು ನೋಡಿದೊಡನೆ ಇನ್ನೂ ಹತ್ತು ಪುಸ್ತಕಗಳು ಸಲಹೆಯಾಗಿ ಬಂದು ನಿಲ್ಲುತ್ತವೆ. ಇದನ್ನು ಆರಿಸುವವರು ಯಾರು ಎಂದು ನನ್ನ ವಯಸ್ಸಿನ ಬಂಧುಗಳು ಕೇಳುವುದುಂಟು. ಅವರಿಗಾಗಿ ನಾಲ್ಕು ಮಾತು.

2006ರಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು ತನ್ನ ಊಹೆಯನ್ನು ಶೇಕಡಾ 10ರಷ್ಟು ಉತ್ತಮಪಡಿಸುವವರಿಗೆ 10 ಲಕ್ಷ ಡಾಲರ್ ಬಹುಮಾನ ಸಾರಿತು. 2009ರಲ್ಲಿ ಅದನ್ನು ಕೊಟ್ಟಿತು. ಪ್ರೇಕ್ಷಕನು ಒಂದು ಚಿತ್ರಕ್ಕೆ ಐದರಲ್ಲಿ ಎಷ್ಟು ಅಂಕ ಕೊಟ್ಟಾನು ಎಂಬುದೇ ಅಲ್ಲಿನ ಪ್ರಶ್ನೆ. ಆದರೆ ನಮ್ಮ ಆಯ್ಕೆಗಳಿಗೆ ಒಂದು ಅನುಕ್ರಮವೂ ಇದೆ. ಫೋನು ಕೊಂಡವನಿಗೆ ಅದರ ಕವಚ ಬೇಕಾಗುತ್ತದೆ. ಕವಚ ಕೊಂಡವನಿಗೆ ಸಾಮಾನ್ಯವಾಗಿ ಫೋನು ಬೇಕಿರುವುದಿಲ್ಲ.

ಅನುಕ್ರಮದ ಗಣಿತ ಹಳೆಯದು. ರಷ್ಯದ ಆಂದ್ರೆಯ್ ಮಾರ್ಕೋವ್ 1913ರಲ್ಲಿ ಪುಷ್ಕಿನ್ನನ ‘ಯೆವ್ಗೇನಿ ಒನೇಗಿನ್’ ಕೃತಿಯ 20,000 ಅಕ್ಷರಗಳನ್ನು ತೆಗೆದುಕೊಂಡು, ಸ್ವರದ ಬೆನ್ನಿಗೆ ಸ್ವರ ಬರುವುದೆಷ್ಟು, ವ್ಯಂಜನ ಬರುವುದೆಷ್ಟು ಎಂದು ಎಣಿಸಿದನು. ಅವನ ಸರಳ ಸರಪಳಿ ಹಿಂದಿನ ಒಂದು ಹೆಜ್ಜೆಯನ್ನಷ್ಟೇ ನೋಡುತ್ತದೆ. 2015ರಲ್ಲಿ ಬಾಲಾಜ್ ಹಿದಾಶಿ ಮತ್ತು ಸಂಗಡಿಗರು ಪ್ರಕಟಿಸಿದ ನರಜಾಲವು ಪ್ರತಿ ಕ್ಲಿಕ್ಕಿನ ನಂತರ ತನ್ನ ನೆನಪನ್ನು ತಿದ್ದಿಕೊಳ್ಳುತ್ತ ಸಾಗುತ್ತದೆ. 2018ರಲ್ಲಿ ವಾಂಗ್-ಚೆಂಗ್ ಕಾಂಗ್ ಮತ್ತು ಜೂಲಿಯನ್ ಮೆಕಾಲಿ ರಚಿಸಿದ ‘ಸಾಸ್‌ರೆಕ್’ ಹಿಂದಿನ ಆಯ್ಕೆಗಳನ್ನೆಲ್ಲ ಒಮ್ಮೆಗೇ ನೋಡಿ, ಈಗ ಯಾವುದಕ್ಕೆ ಹೆಚ್ಚು ಗಮನ ಕೊಡಬೇಕೆಂದು ತೂಗುತ್ತದೆ. 2019ರ ‘ಬರ್ಟ್‌ಫೋರ್‌ರೆಕ್’ ಕಲಿಯುವ ಬಗೆ ನನ್ನ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಸಾಲಿನಲ್ಲಿ ಕೆಲವು ವಸ್ತುಗಳನ್ನು ಮರೆಮಾಡಿ, ಅಕ್ಕಪಕ್ಕದವುಗಳ ಆಧಾರದಿಂದ ಊಹಿಸಲು ಹೇಳುತ್ತಾರೆ. ಅದು ನಮ್ಮ ‘ಬಿಟ್ಟ ಸ್ಥಳ ತುಂಬಿರಿ’ಯೇ.

ಈ ಪರೀಕ್ಷೆಯಲ್ಲಿ ಸರಿಯುತ್ತರವೆಂದರೆ ಓದುಗನು ವಾಸ್ತವವಾಗಿ ಮುಂದೆ ಆರಿಸಿಕೊಂಡದ್ದು. ಅವನಿಗೆ ಯಾವುದು ಹಿತವಾಗುತ್ತಿತ್ತು ಎಂಬುದನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಪತ್ತೇದಾರಿ ಕಾದಂಬರಿಗಳನ್ನೇ ಓದುವ ಹುಡುಗನಿಗೆ ಯಂತ್ರವು ಬಹುಮಟ್ಟಿಗೆ ಇನ್ನೊಂದು ಪತ್ತೇದಾರಿ ಕಾದಂಬರಿಯನ್ನೇ ನೀಡೀತು. ಉಪಾಧ್ಯಾಯನಾದವನು ಅದನ್ನು ಓದಲು ಬಿಟ್ಟು, ಜೊತೆಗೆ ಕಾರಂತರದೊಂದು ಪುಸ್ತಕವನ್ನು ಅವನ ಕೈಗಿಡುತ್ತಾನೆ. ಆ ಹುಡುಗ ತಾನಾಗಿ ಅದನ್ನು ಆರಿಸುತ್ತಿರಲಿಲ್ಲವೆಂದು ಬಲ್ಲುದರಿಂದಲೇ ಇಡುತ್ತಾನೆ.

ಇನ್ನೊಂದು ತೊಡಕೂ ಇದೆ. ಹೆಚ್ಚು ಜನ ಮುಟ್ಟದ ಪುಸ್ತಕದ ವಿಷಯದಲ್ಲಿ ಇಂತಹ ಜಾಲಕ್ಕೆ ಕಲಿಯಲು ಸಾಮಗ್ರಿ ಸಾಲದು. ಆದ್ದರಿಂದ ಅದನ್ನು ತೋರಿಸುವುದು ಕಡಿಮೆ. ತೋರಿಸದ್ದನ್ನು ಕೊಳ್ಳುವವರೂ ಕಡಿಮೆ. ಸಣ್ಣ ಪ್ರಕಾಶಕರ ಕನ್ನಡ ಪುಸ್ತಕಗಳು ಹೀಗೆ ಹಿಂದೆ ಉಳಿಯಬಹುದೆಂಬುದು ನನ್ನ ಆತಂಕ.

ಸಲಹೆಗಳನ್ನು ತಿರಸ್ಕರಿಸಬೇಕೆಂದು ನಾನು ಹೇಳಲಾರೆ. ಅವುಗಳಿಂದ ನನಗೂ ಒಳ್ಳೆಯ ಪುಸ್ತಕಗಳು ದೊರೆತಿವೆ. ಆದರೆ ನಿಮ್ಮ ಮಕ್ಕಳಿಗೆ ವರ್ಷಕ್ಕೆ ಒಂದೆರಡಾದರೂ ಪುಸ್ತಕಗಳನ್ನು ನೀವೇ ಆರಿಸಿ ಕೊಡಿ.