ಕಂಠೀರವದಲ್ಲಿ ಕೇಳದ ಗರ್ಜನೆ

‘ಕಂಠೀರವ’ವೆಂದರೆ ಸಿಂಹ, ಕಂಠದಲ್ಲಿ ರವವುಳ್ಳದ್ದು. ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ಈ ಶಬ್ದ ಹೊಸತಲ್ಲ. ಆ ಹೆಸರನ್ನೇ ಹೊತ್ತ ಬೆಂಗಳೂರಿನ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಅಭಿಮಾನಿಗಳ ದೂರು ಗರ್ಜನೆಯನ್ನು ಕುರಿತದ್ದೇ ಆಗಿತ್ತು.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವನ್ನು ಅಶೋಕನಗರದ ಹಳೆಯ ಫುಟ್‌ಬಾಲ್ ಮೈದಾನದಲ್ಲಿ ಆಡಿ, ಪ್ರಥಮ ಯತ್ನದಲ್ಲೇ ಐ-ಲೀಗ್ ಗೆದ್ದಿತು. ಚಿಕ್ಕ ಮೈದಾನ, ಗೋಲ್‌ಕೀಪರ್ ತನ್ನವರನ್ನು ಗದರಿಸುವುದು ಪ್ರೇಕ್ಷಕರಿಗೂ ಕೇಳಿಸುವಷ್ಟು ಹತ್ತಿರ. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗಕ್ಕೆ ಹೆಸರು ಬಂದದ್ದು ಅಲ್ಲಿನ ಪಶ್ಚಿಮದ ಮೆಟ್ಟಿಲುಗಳಿಂದ.

ಮುಂದಿನ ಋತುವಿಗೆ ಕ್ಲಬ್ಬು ಕಂಠೀರವಕ್ಕೆ ಬಂತು. ಆಸನಗಳು ಹೆಚ್ಚಿದವು, ಮೆರುಗೂ ಹೆಚ್ಚಿತು. ಆದರೆ 1997ರ ರಾಷ್ಟ್ರೀಯ ಕ್ರೀಡಾಕೂಟ ಕಂಡ ಆ ಅಂಗಣದಲ್ಲಿ ಆಟಕ್ಕೂ ಪ್ರೇಕ್ಷಕನಿಗೂ ನಡುವೆ ಓಟದ ಟ್ರ್ಯಾಕ್ ಇದೆ. ಕೂಗು ಅದನ್ನು ದಾಟುವಷ್ಟರಲ್ಲಿ ಅರ್ಧ ಕರಗುತ್ತದೆ. 2017ರಲ್ಲಿ ಕೊಟ್ಟೂರೇಶ್ವರನ ತೇರು ಮುರಿದು ಬಿದ್ದ ಮೇಲೆ ಹೊಸ ತೇರನ್ನು ಕಂಡ ನಮ್ಮ ಸೀಮೆಯ ಭಕ್ತರಿಗೆ ಈ ಇಬ್ಬಂದಿ ತಿಳಿದೀತು: ಹೊಸತು ಬೇಕು, ಹಳೆಯದರ ನೆನಪು ಬಿಡದು.

ಹಾಗೆಂದು ಕಂಠೀರವವನ್ನು ಬರಿದೇ ದೂರುವುದು ನ್ಯಾಯವಲ್ಲ. 2016ರ ಅಕ್ಟೋಬರಿನಲ್ಲಿ ಎಎಫ್‌ಸಿ ಕಪ್ಪಿನ ಹಿಂದಿನ ವಿಜೇತ, ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಮಣಿಸಿ, ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬೆನಿಸಿದ್ದು ಇಲ್ಲಿಯೇ. ಸುನಿಲ್ ಛೆಟ್ರಿಯದು ಎರಡು ಗೋಲು. ಅಂದು ಟ್ರ್ಯಾಕನ್ನು ಯಾರೂ ಶಪಿಸಿರಲಾರರು.

ಟ್ರ್ಯಾಕಿಗೂ ತನ್ನ ಮಕ್ಕಳಿದ್ದಾರೆ. ಫುಟ್‌ಬಾಲಿನಿಂದ ಅಭ್ಯಾಸಕ್ಕೆ ತೊಡಕಾಗುತ್ತಿದೆಯೆಂದು ಅಥ್ಲೀಟ್‌ಗಳೂ ತರಬೇತುದಾರರೂ ಆಕ್ಷೇಪಿಸಿದರು. ವಿವಾದ ಹೈಕೋರ್ಟಿಗೂ ಹೋಯಿತು. ತಾವು ಮನೆಯೆಂದು ಹಾಡಿದ ಅಂಗಣದಲ್ಲಿ ತಾವು ಬಾಡಿಗೆಯವರೆಂಬುದು ಅಭಿಮಾನಿಗಳಿಗೆ ಆಗ ಸ್ಪಷ್ಟವಾಯಿತು.