ಖಡೇಬಜಾರಿಗೆ ಹೋದ ಐದು ಜೊತೆ ಬೂಟು

ನೆಹರು ನಗರದ ನಮ್ಮ ಮನೆಯ ಅಟ್ಟದ ಮೇಲೆ ಒಂದು ಗೋಣಿಚೀಲವಿತ್ತು. ಅದರೊಳಗೆ ಐದು ಜೊತೆ ಓಟದ ಬೂಟು. ಮೂರು ಜೊತೆ ಮೊಮ್ಮಗಳವು. ಏಳನೆಯ ಇಯತ್ತೆಯ ಹುಡುಗಿ, ವರ್ಷ ಕಳೆಯುವುದರೊಳಗೆ ಬೂಟು ಬಿಗಿಯಾಗುತ್ತದೆ. ಒಂದು ಜೊತೆ ನನ್ನದು. ಉಳಿದದ್ದು ಅವಳ ಅಜ್ಜಿಯದು. ಕೆಎಲ್‌ಇ ಆಸ್ಪತ್ರೆಯ ಕಡೆಗೆ ನಾವಿಬ್ಬರೂ ಬೆಳಿಗ್ಗೆ ತಿರುಗಾಡಲು ಹೋಗುವಾಗ ಆಕೆ ಹಾಕಿಕೊಳ್ಳುತ್ತಿದ್ದದ್ದು. ಆಕೆ ಹೋಗಿ ಮೂರು ವರ್ಷವಾಯಿತು.

"ಅಜ್ಜಾ, ಇವನ್ನ ಕಸದ ಗಾಡಿಗೆ ಹಾಕೂಣೇನು?" ಎಂದಳು ಮೊಮ್ಮಗಳು.

ಬೆಳಗಾವಿಯ ಕಸ ತುರಮುರಿಗೆ ಹೋಗುತ್ತದೆ. ರಬ್ಬರಿನ ಅಟ್ಟೆ ಅಲ್ಲಿ ಕೊಳೆಯುವುದಿಲ್ಲ, ಕರಗುವುದಿಲ್ಲ. ನನ್ನ ಮನಸ್ಸು ಒಪ್ಪಲಿಲ್ಲ. ಸೂಟಿಯ ದಿನ ಚೀಲ ಹೊತ್ತು ಇಬ್ಬರೂ ಆಟೋ ಹತ್ತಿ, ಚೆನ್ನಮ್ಮ ವೃತ್ತ ದಾಟಿ ಖಡೇಬಜಾರಿಗೆ ಬಂದೆವು. ಅಲ್ಲಿ ಕೊಡೆಯ ಕೆಳಗೆ ಕುಳಿತು ಚಪ್ಪಲಿ ಹೊಲಿಯುವ ಒಬ್ಬ ಹಿರಿಯರು ನನ್ನ ಬ್ಯಾಂಕಿನ ದಿನಗಳಿಂದ ಪರಿಚಯ.

ಅವರು ರಂಪಿಗೆಯಿಂದ ನನ್ನ ಬೂಟನ್ನು ಸೀಳಿ ತೋರಿಸಿದರು. ಕೆಳಗೆ ರಬ್ಬರು, ನಡುವೆ ಮೆತ್ತನೆಯ ಫೋಮು, ಮೇಲೆ ನೈಲಾನ್ ಬಟ್ಟೆ, ಎಲ್ಲದರ ನಡುವೆ ಅಂಟು.

"ಇದು ಅಂಟಿನ ಬೂಟ್ರೀ ಸಾಹೇಬರ. ಹರದರ ಹರೀತದ, ಬಿಚ್ಚಾಕ ಬರೂದಿಲ್ಲ."

ತೊಡಕು ಇರುವುದೇ ಅಲ್ಲಿ. ಅವರ ಕಾಲಲ್ಲಿದ್ದ ಕೊಲ್ಹಾಪುರಿ ಚಪ್ಪಲಿ ನೋಡಿ: ಅಟ್ಟೆಯೂ ಚರ್ಮ, ಪಟ್ಟಿಯೂ ಚರ್ಮ, ಹೊಲಿಗೆಯ ದಾರವೂ ಚರ್ಮ. ಹೆಸರು ಕೊಲ್ಹಾಪುರದ್ದಾದರೂ ನಮ್ಮ ಅಥಣಿ, ನಿಪ್ಪಾಣಿಗಳಲ್ಲೂ ತಯಾರಾಗುತ್ತದೆ. 2019ರ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. (ಕೊಲ್ಹಾಪುರದವರ ಮುಂದೆ ಇದನ್ನು ಹೇಳಲು ನನಗೆ ಬಹಳ ಇಷ್ಟ.)

ಅಂಟಿನ ಬೂಟಿಗೆ ಯಂತ್ರವೇ ಬೇಕು. ಅಮೆರಿಕದ ನೈಕಿ ಕಂಪನಿ 1990ರ ದಶಕದ ಆರಂಭದಿಂದ ಹಳೆಯ ಬೂಟುಗಳನ್ನು ಕೂಡಿಸಿ ಪುಡಿ ಮಾಡಿಸುತ್ತಿದೆ. ರಬ್ಬರು, ಫೋಮು, ಬಟ್ಟೆಗಳನ್ನು ಬೇರ್ಪಡಿಸಿ, ಆ ರಬ್ಬರಿನ ಕಾಳುಗಳನ್ನು ಓಟದ ಟ್ರ್ಯಾಕು, ಆಟದ ಅಂಗಳಗಳಿಗೆ ಬಳಸುತ್ತಾರೆ. ಬೂಟಿನ ರಬ್ಬರನ್ನು ಪ್ಲಾಸ್ಟಿಕ್ ಬಾಟಲಿಯಂತೆ ಕರಗಿಸಿ ಮತ್ತೆ ಅಚ್ಚಿಗೆ ಸುರಿಯಲಾಗದು. ಅದಕ್ಕೇ ಕಾಳು ಮಾಡುವುದು. ಮುಂಬೈಯಲ್ಲಿ ಶ್ರೀಯಾನ್ಸ್ ಭಂಡಾರಿ, ರಮೇಶ್ ಧಾಮಿ ಎಂಬ ಇಬ್ಬರು ಓಟಗಾರರು 'ಗ್ರೀನ್‌ಸೋಲ್' ಕಟ್ಟಿ, ಹಳೆಯ ಬೂಟಿನ ಅಟ್ಟೆಯಿಂದ ಶಾಲಾಮಕ್ಕಳಿಗೆ ಚಪ್ಪಲಿ ಮಾಡಿ ಹಂಚುತ್ತಾರೆ.

ಮೊಮ್ಮಗಳಿಗೆ ಇದೆಲ್ಲ ಹೊಸದು. ನನಗಲ್ಲ. ಖಾನಾಪುರ ತಾಲೂಕಿನ ನಮ್ಮ ಹಳ್ಳಿಯಿಂದ ಧೋ ಧೋ ಮಳೆಯಲ್ಲೂ ಬರಿಗಾಲಲ್ಲಿ ಶಾಲೆಗೆ ಹೋದವನು ನಾನು. ಎಸ್ಸೆಸ್ಸೆಲ್ಸಿ ವರ್ಷ ಸಿಕ್ಕ ಮೊದಲ ಚಪ್ಪಲಿಯ ಅಟ್ಟೆ ಹಳೆಯ ಲಾರಿ ಟೈರಿನದು! ಕಾಲಿಗಿಂತ ಚಪ್ಪಲಿಯೇ ಭಾರ.

ಸಂಜೆಯ ಹೊತ್ತಿಗೆ ಲೆಕ್ಕ ಹೀಗಾಯಿತು. ಮೊಮ್ಮಗಳ ಎರಡು ಜೊತೆಗೆ ಮೇಲಿನ ಬಟ್ಟೆ ತೆಗೆದು ಪಟ್ಟಿ ಹೊಲಿದರು, ಚಪ್ಪಲಿಯಾದವು. ನನ್ನ ಬೂಟಿನ ರಬ್ಬರನ್ನು ತೇಪೆಗೆಂದು ಅವರೇ ಇಟ್ಟುಕೊಂಡರು. ಇನ್ನೊಂದು ಜೊತೆಯ ಫೋಮು ಕೈಯಲ್ಲೇ ಪುಡಿಯಾಯಿತು. ಅದು ಕಸದ ಗಾಡಿಗೇ.

ಅಜ್ಜಿಯ ಬೂಟನ್ನು ಅವರು ತಿರುಗಿಸಿ ನೋಡಿದರು. "ಇದಕ್ಕೇನಾಗೇದ್ರೀ? ಹೊಲಿಗಿ ಬಿಟ್ಟದ, ಅಷ್ಟ." ಇಪ್ಪತ್ತು ರೂಪಾಯಿ ತಗೊಂಡರು.

ಮರುದಿನ ನಸುಕಿನಲ್ಲಿ ಮೊಮ್ಮಗಳು ಎರಡೆರಡು ಕಾಲುಚೀಲ ಹಾಕಿ, ಮೇಲೆ ಆ ಬೂಟು ಏರಿಸಿ ಬಾಗಿಲಲ್ಲಿ ನಿಂತಿದ್ದಳು.

"ನಡಿ ಅಜ್ಜಾ, ಹೊತ್ತಾತು."

ಆಸ್ಪತ್ರೆಯ ಗೇಟಿನ ತನಕ ಹೋಗಿ ಬಂದೆವು.