ಅಝೀಝುನ್ನಿಸಾರ ಮಗ

ಸರ್ ಸಯ್ಯದ್ ಅಹ್ಮದ್ ಖಾನರ ಹೆಸರು ಕೇಳಿದರೆ ನಿಮಗೆ ಅಲೀಗಢ ನೆನಪಾಗಬಹುದು. ನನಗೆ ಅವರ ತಾಯಿ ಅಝೀಝುನ್ನಿಸಾ ಬೇಗಂ ನೆನಪಾಗುತ್ತಾರೆ. ಬಾಲಕ ಸಯ್ಯದ್ ವಯಸ್ಸಾದ ಸೇವಕನಿಗೆ ಹೊಡೆದಾಗ ಆಕೆ ಮಗನನ್ನೇ ಮನೆಯಿಂದ ಹೊರಹಾಕಿದರು. ಸೇವಕನಲ್ಲಿ ಕ್ಷಮೆ ಕೇಳಿದ ಮೇಲೆಯೇ ಒಳಗೆ ಸೇರಿಸಿದರು. ನಮ್ಮಲ್ಲಿ ಎಷ್ಟು ತಾಯಂದಿರಿಗೆ ಇದು ಸಾಧ್ಯ?

ಆ ಮಗ 1838ರಲ್ಲಿ ಕಂಪೆನಿ ಸರಕಾರದ ನ್ಯಾಯಾಲಯದ ಸೇವೆಗೆ ಸೇರಿ 1876ರಲ್ಲಿ ನಿವೃತ್ತರಾದರು. ಅವರ ಮಗ ಸಯ್ಯದ್ ಮಹಮೂದ್ ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರಾದರು. ಮೊಮ್ಮಗ ರಾಸ್ ಮಸೂದ್ ಅಲೀಗಢ ವಿಶ್ವವಿದ್ಯಾನಿಲಯದ ಉಪಕುಲಪತಿಯಾದರು. ಎಲ್ಲವೂ ಗಂಡುಮಕ್ಕಳ ಹೆಸರೇ!

ತಾಯಿಯ ಮುಂದೆ ಕುಳಿತು ಪಾಠ ಒಪ್ಪಿಸಿದ್ದ ಸರ್ ಸಯ್ಯದರೇ ಹುಡುಗಿಯರ ಶಾಲೆಗೆ ಇನ್ನೂ ಕಾಲ ಬಂದಿಲ್ಲವೆಂದಿದ್ದರು. ತರಗತಿಯಲ್ಲಿ ಈ ವಿಷಯ ಹೇಳುವಾಗ ನನ್ನ ವಿದ್ಯಾರ್ಥಿನಿಯರ ಮುಖ ನೋಡುವುದು ಕಷ್ಟವಾಗುತ್ತದೆ. ಅಲೀಗಢದಲ್ಲಿ ಶೇಖ್ ಅಬ್ದುಲ್ಲಾ ದಂಪತಿ ಹುಡುಗಿಯರ ಶಾಲೆ ತೆರೆದದ್ದು 1906ರಲ್ಲಿ. ಸರ್ ಸಯ್ಯದರು ತೀರಿಕೊಂಡು ಆಗ ಎಂಟು ವರ್ಷಗಳಾಗಿದ್ದವು.